ಸಂತಾನೋತ್ಪತ್ತಿ ಆರೋಗ್ಯ: ಪ್ರವೇಶ ಪರೀಕ್ಷೆಗೆ ಓದುವವರಿಗೆ ಒಂದು ಪಾಠ

ದ್ವಿತೀಯ ಪದವಿಪೂರ್ವ ತರಗತಿಯ ಜೀವಶಾಸ್ತ್ರ ಪಠ್ಯಪುಸ್ತಕದಲ್ಲಿ ‘ಸಂತಾನೋತ್ಪತ್ತಿ ಆರೋಗ್ಯ’ ಎಂಬುದೊಂದು ಅಧ್ಯಾಯವುಂಟು. ಕೆಲವೇ ಪುಟಗಳ ಚಿಕ್ಕ ಅಧ್ಯಾಯ. ತಳಿಶಾಸ್ತ್ರದಲ್ಲಿರುವಂತೆ ಇಲ್ಲಿ ಲೆಕ್ಕಗಳಿಲ್ಲ. ಸಸ್ಯಶರೀರಕ್ರಿಯೆಯಲ್ಲಿರುವಂತೆ ತೊಡಕಾದ ರಾಸಾಯನಿಕ ಚಕ್ರಗಳೂ ಇಲ್ಲ. ಆದಕಾರಣ ವಿದ್ಯಾರ್ಥಿಗಳು ಇದನ್ನು ಸುಲಭವೆಂದು ಬಗೆದು ಪರೀಕ್ಷೆಯ ಹಿಂದಿನ ರಾತ್ರಿಗೆ ಮೀಸಲಿಡುತ್ತಾರೆ. ಹುಡುಗರೂ ಹುಡುಗಿಯರೂ ಒಟ್ಟಿಗೆ ಕುಳಿತ ತರಗತಿಗಳಲ್ಲಿ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ತಿರುವುವುದೂ ನಮ್ಮ ಊರುಗಳಲ್ಲಿ ಅಪರೂಪವಲ್ಲ. ಮನೆಯಲ್ಲಿ ಓದಲು ಕುಳಿತರೆ ಹಿರಿಯರು ಬಂದಾಗ ಪುಸ್ತಕ ಮಡಿಚುವ ಸ್ಥಿತಿ. ಹೀಗೆ ಶಾಲೆಯಲ್ಲೂ ಮನೆಯಲ್ಲೂ ಸ್ಥಳ ಸಿಗದೆ, ಹೆಸರುಗಳ ಬರಿಯ ಪಟ್ಟಿಯಾಗಿ ಈ ವಿಷಯ ತಲೆಗೆ ಹೋಗುತ್ತದೆ. ಪಟ್ಟಿಯಾಗಿ ಹೋದದ್ದು ಪಟ್ಟಿಯಾಗಿಯೇ ಕಲಸಿಹೋಗುತ್ತದೆ.

ವೈದ್ಯಕೀಯ ಪ್ರವೇಶಕ್ಕಾಗಿ ನಡೆಯುವ ರಾಷ್ಟ್ರಮಟ್ಟದ ನೀಟ್ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪುತ್ತರಕ್ಕೆ ಒಂದು ಅಂಕದ ಕಡಿತ. 720 ಅಂಕಗಳಲ್ಲಿ ಅರ್ಧದಷ್ಟು, ಎಂದರೆ 360, ಜೀವಶಾಸ್ತ್ರಕ್ಕೇ ಸೇರಿದವು. ಸುಲಭವೆಂದು ಬಗೆದ ಪಾಠದಲ್ಲಿ ಒಂದು ಪ್ರಶ್ನೆ ತಪ್ಪಿದರೆ ಐದು ಅಂಕಗಳ ಅಂತರವಾಯಿತು. ಆ ಐದು ಅಂಕಗಳಲ್ಲಿ ಸಹಸ್ರಾರು ಮಂದಿ ಮುಂದೆ ಸಾಗಿಬಿಡುತ್ತಾರೆ. ಇದು ಪರೀಕ್ಷೆಯ ಮಾತಾಯಿತು. ಆದರೆ ಈ ಅಧ್ಯಾಯವನ್ನು ಗಟ್ಟಿಯಾಗಿ, ನಾಚಿಕೆಯಿಲ್ಲದೆ ಓದಬೇಕೆನ್ನುವುದಕ್ಕೆ ಅದಕ್ಕಿಂತ ದೊಡ್ಡ ಕಾರಣವೂ ಉಂಟು. ಮೈಸೂರಿನಲ್ಲಿ ಓದುವ ವಿದ್ಯಾರ್ಥಿಗೆ ಆ ಕಾರಣ ಮನೆಯ ಬಾಗಿಲಲ್ಲೇ ಇದೆ.

ಪಠ್ಯಪುಸ್ತಕವು ಭಾರತವು 1951ರಲ್ಲಿ ಕುಟುಂಬ ಯೋಜನೆಯನ್ನು ಆರಂಭಿಸಿ ಜಗತ್ತಿನ ಮೊದಲ ರಾಷ್ಟ್ರಗಳಲ್ಲೊಂದಾಯಿತೆಂದು ತಿಳಿಸುತ್ತದೆ. ಪರೀಕ್ಷೆಯಲ್ಲಿ ಕೇಳಿದರೆ ಅದೇ ಉತ್ತರ. ಅದರಲ್ಲಿ ಸಂಶಯ ಬೇಡ. ಆದರೆ ಅದಕ್ಕೂ 21 ವರ್ಷ ಮೊದಲು, 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸರ್ಕಾರವು ರಾಜ್ಯದ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ 1921ರಲ್ಲೇ ಚಿಕಿತ್ಸಾಲಯ ತೆರೆದಿದ್ದರು. ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆಯವರು ಲೋಕದ ನಿಂದೆಯನ್ನು ಸಹಿಸಿ ಅದೇ ಕೆಲಸ ಮಾಡುತ್ತಿದ್ದರು. ಅವೆಲ್ಲ ವ್ಯಕ್ತಿಗಳ ಸಾಹಸಗಳು. ಸರ್ಕಾರವೊಂದು ತಾನೇ ಮುಂದೆ ಬಂದು, ತನ್ನ ಆಸ್ಪತ್ರೆಯ ಬಾಗಿಲಲ್ಲಿ ಈ ಸಲಹೆಯನ್ನು ಕೊಡುವುದಾಗಿ ಸಾರಿದ್ದು ಜಗತ್ತಿನಲ್ಲೇ ಮೊದಲೆಂದು ಈ ವಿಷಯವನ್ನು ಬರೆದವರು ಸಾಮಾನ್ಯವಾಗಿ ಒಪ್ಪುತ್ತಾರೆ. ಮಾರ್ಗರೆಟ್ ಸ್ಯಾಂಗರ್ ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡು ಈ ವಿಷಯವಾಗಿ ವಾದಿಸಿದ್ದು 1935ರ ಡಿಸೆಂಬರಿನಲ್ಲಿ. ಮೈಸೂರು ಆಗಲೇ ಐದು ವರ್ಷ ಮುಂದಿತ್ತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿದ್ದ ಮೈಸೂರು ವೈದ್ಯಕೀಯ ಕಾಲೇಜು ನಮ್ಮ ನಗರಕ್ಕೆ ಬಂದದ್ದೂ ಅದೇ 1930ರಲ್ಲಿ ಎಂಬುದನ್ನು ಇಲ್ಲಿ ಸೇರಿಸಬಹುದು.

ಇದರ ಹಿಂದಿನ ಹೆಜ್ಜೆಯೂ ಒಂದಿದೆ. 1894ರಲ್ಲಿ ಮೈಸೂರು ಸಂಸ್ಥಾನವು ಶಿಶುವಿವಾಹ ತಡೆಗಟ್ಟುವ ಶಾಸನವನ್ನು ತಂದು, ಎಂಟು ವರ್ಷ ತುಂಬದ ಬಾಲಿಕೆಯರ ಮದುವೆಯನ್ನೂ, ಐವತ್ತು ದಾಟಿದ ಪುರುಷರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಎಂಟು ವರ್ಷವೆಂದರೆ ಇಂದು ನಮಗೆ ಎದೆ ನಡುಗುತ್ತದೆ. ಆ ಎಂಟು ವರ್ಷದ ಎಲ್ಲೆಗೂ ಆಗ ವಿರೋಧವಿತ್ತು. 1929ರ ಶಾರದಾ ಶಾಸನದಲ್ಲಿ ಹುಡುಗಿಗೆ 14, ಹುಡುಗನಿಗೆ 18 ಎಂದಾಯಿತು. 1978ರ ತಿದ್ದುಪಡಿಯಿಂದ 18 ಮತ್ತು 21. ಸಂತಾನೋತ್ಪತ್ತಿ ಆರೋಗ್ಯದ ಪಾಠದಲ್ಲಿ ವಿವಾಹದ ವಯಸ್ಸು ಏಕೆ ಬಂತೆಂದು ಕೇಳುವ ವಿದ್ಯಾರ್ಥಿಗಳುಂಟು. ಬೆಳವಣಿಗೆ ಮುಗಿಯದ ಶರೀರದಲ್ಲಿ ಸೊಂಟದ ಎಲುಬಿನ ದಾರಿ ಕಿರಿದು, ಹೆರಿಗೆ ತಡೆಯುತ್ತದೆ, ರಕ್ತಹೀನತೆ, ರಕ್ತದೊತ್ತಡ, ಕಡಿಮೆ ತೂಕದ ಶಿಶು, ಇವೆಲ್ಲ ಸಾಲಾಗಿ ಬರುತ್ತವೆ. ವಯಸ್ಸಿನ ಕಾನೂನು ಜೀವಶಾಸ್ತ್ರದ ಸಂಗತಿಯೇ ಸರಿ.

ಇನ್ನು ಓದುವ ಕ್ರಮ. ಗರ್ಭನಿರೋಧಕ ವಿಧಾನಗಳನ್ನು ಪುಸ್ತಕವು ನೈಸರ್ಗಿಕ, ತಡೆ, ಗರ್ಭಾಶಯದೊಳಗಿನ ಸಾಧನ, ಮಾತ್ರೆ, ಚುಚ್ಚುಮದ್ದು, ಕಸಿ, ಶಸ್ತ್ರಚಿಕಿತ್ಸೆ ಎಂದು ವಿಂಗಡಿಸಿದೆ. ಇದನ್ನೇ ಬಾಯಿಪಾಠ ಮಾಡಿದರೆ ಹೆಸರು ಬರುತ್ತದೆ, ಕೆಲಸ ತಿಳಿಯುವುದಿಲ್ಲ. ಇಂದಿನ ಪ್ರಶ್ನೆಗಳೋ ಕೆಲಸವನ್ನೇ ಕೇಳುತ್ತವೆ: ಎರಡು ಪಟ್ಟಿಗಳನ್ನು ಹೊಂದಿಸಿ, ಹೇಳಿಕೆ ಸರಿಯೇ, ಕಾರಣ ಸರಿಯೇ ಎಂದು ನಿರ್ಧರಿಸಿ. ಆದ್ದರಿಂದ ಮೊದಲು ಒಂದು ದೊಡ್ಡ ಹಾಳೆಯಲ್ಲಿ ದಾರಿಯ ನಕ್ಷೆಯನ್ನು ಬರೆಯತಕ್ಕದ್ದು. ಒಂದು ಕಡೆ ವೃಷಣ, ಅಲ್ಲಿಂದ ವೀರ್ಯನಾಳ, ಯೋನಿ, ಗರ್ಭಾಶಯದ ಕಂಠ, ಗರ್ಭಾಶಯ, ಅಂಡನಾಳ. ಇನ್ನೊಂದು ಕಡೆ ಮಿದುಳಿನ ಹೈಪೊಥಲಾಮಸ್, ಪಿಟ್ಯುಟರಿ ಗ್ರಂಥಿ, ಅಂಡಾಶಯ, ಅಂಡದ ಬಿಡುಗಡೆ. ಎರಡು ದಾರಿಗಳೂ ಕೂಡುವ ಸ್ಥಳ ಅಂಡನಾಳದ ಅಗಲವಾದ ಭಾಗ, ಆಂಪುಲ್ಲಾ. ನಿಷೇಚನವಾದ ಮೇಲೆ ಭ್ರೂಣವು ಕೆಲವು ದಿನಗಳಲ್ಲಿ ಗರ್ಭಾಶಯಕ್ಕಿಳಿದು ಅದರ ಒಳಪೊರೆಯಲ್ಲಿ ನಾಟಿಕೊಳ್ಳುವುದು. ಇಷ್ಟು ಬರೆದ ಮೇಲೆ ಪ್ರತಿಯೊಂದು ವಿಧಾನದ ಬಗ್ಗೆಯೂ ಒಂದೇ ಪ್ರಶ್ನೆ: ಇದು ಗೇಟು ಹಾಕುವುದು ಎಲ್ಲಿ? ನಂಜನಗೂಡಿನ ರೈಲು ಎಲ್ಲಿ ನಿಂತಿತು ಎಂದು ಕೇಳಿದಷ್ಟೇ ಸರಳವಾದ ಪ್ರಶ್ನೆ.

ನಿರೋಧ್ ಗೇಟು ಹಾಕುವುದು ಯೋನಿಯ ಬಾಗಿಲಲ್ಲೇ. ಡಯಾಫ್ರಮ್, ಕಂಠದ ಟೋಪಿ, ವಾಲ್ಟ್ ಇವು ಮೂರೂ ಗರ್ಭಾಶಯದ ಕಂಠವನ್ನು ಮುಚ್ಚುವ ರಬ್ಬರಿನ ಸಾಧನಗಳು; ಮತ್ತೆ ಬಳಸಬಹುದಾದವು. ವೀರ್ಯಾಣುನಾಶಕ ಲೇಪವನ್ನು ಇವುಗಳ ಜೊತೆಗೆ ಬಳಸುವುದುಂಟು. ಈ ಗುಂಪಿನಲ್ಲಿ ಲೈಂಗಿಕ ರೋಗಗಳಿಂದಲೂ ರಕ್ಷಣೆ ಕೊಡುವುದೆಂದು ಪುಸ್ತಕವು ಎತ್ತಿ ಹೇಳುವುದು ನಿರೋಧ್ ಒಂದನ್ನೇ. ಭಾರತ ಸರ್ಕಾರವು ಇದನ್ನು 1968ರಲ್ಲಿ ಅಗ್ಗದ ಬೆಲೆಗೆ ಅಂಗಡಿಗಳಲ್ಲಿ ದೊರೆಯುವಂತೆ ಮಾಡಿತು. ಆ ಹೆಸರೇ ವಸ್ತುವಿನ ಹೆಸರಾಗಿ ನಿಂತಿತು.

ಗರ್ಭಾಶಯದೊಳಗಿನ ಸಾಧನಗಳಲ್ಲಿ ಎಡವುವವರು ಹೆಚ್ಚು. ನಮ್ಮ ಆರೋಗ್ಯ ಇಲಾಖೆಯ ಕನ್ನಡದಲ್ಲಿ ಇದಕ್ಕೆ ‘ವಂಕಿ’ ಎಂಬ ಚೆಲುವಾದ ಹೆಸರಿದೆ. ಹಳ್ಳಿಯ ಹೆಂಗಸರಿಗೂ ಅದು ಗೊತ್ತು. ಇದರಲ್ಲಿ ಮೂರು ಬಗೆ. ಔಷಧಿಯಿಲ್ಲದ್ದು ಲಿಪ್ಪೆಸ್ ಲೂಪ್, 1965ರಲ್ಲಿ ಭಾರತದ ಕಾರ್ಯಕ್ರಮಕ್ಕೆ ಬಂದದ್ದು. ತಾಮ್ರದವು ಕಾಪರ್-ಟಿ, ಕಾಪರ್-7, ಮಲ್ಟಿಲೋಡ್ 375. ಹಾರ್ಮೋನಿನವು ಪ್ರೊಜೆಸ್ಟಾಸರ್ಟ್, ಎಲ್.ಎನ್.ಜಿ.-20. ವಂಕಿಯೆಂಬ ಹೊರಗಿನ ವಸ್ತುವನ್ನು ಕಂಡು ಗರ್ಭಾಶಯವು ಬಿಳಿ ರಕ್ತಕಣಗಳನ್ನು ಕಳುಹಿಸುತ್ತದೆ. ಅವು ವೀರ್ಯಾಣುಗಳನ್ನು ನುಂಗುತ್ತವೆ. ಇದು ಎಲ್ಲ ವಂಕಿಗಳಿಗೂ ಸಮಾನ. ತಾಮ್ರದ ಅಯಾನುಗಳು ಇದರ ಮೇಲೆ ವೀರ್ಯಾಣುವಿನ ಚಲನೆಯನ್ನೂ ನಿಷೇಚನ ಶಕ್ತಿಯನ್ನೂ ಕುಗ್ಗಿಸುತ್ತವೆ. ಹಾರ್ಮೋನಿನ ವಂಕಿ ಗರ್ಭಾಶಯವನ್ನು ನಾಟಿಗೆ ಒಗ್ಗದಂತೆಯೂ ಕಂಠವನ್ನು ವೀರ್ಯಾಣುವಿಗೆ ಪ್ರತಿಕೂಲವಾಗಿಯೂ ಮಾಡುತ್ತದೆ. ತಾಮ್ರ ಬಂದರೆ ವೀರ್ಯಾಣು, ಹಾರ್ಮೋನು ಬಂದರೆ ಗರ್ಭಾಶಯ ಮತ್ತು ಕಂಠ ಎಂದು ನೆನಪಿಟ್ಟರೆ ಅರ್ಧ ಪ್ರಶ್ನೆ ಬಿಡಿಸಿದಂತೆ. ಮಲ್ಟಿಲೋಡ್ ಎಂಬ ಹೆಸರಿನಲ್ಲಿ ತಾಮ್ರದ ಸುಳಿವಿಲ್ಲದಿರುವುದರಿಂದ ಅದನ್ನು ಹಾರ್ಮೋನಿನ ಪಟ್ಟಿಗೆ ಸೇರಿಸುವವರು ಪ್ರತಿವರ್ಷವೂ ಇರುತ್ತಾರೆ.

ಮಾತ್ರೆ ಗೇಟು ಹಾಕುವುದು ಇನ್ನೂ ಮೇಲೆ, ಪಿಟ್ಯುಟರಿಯ ಮಟ್ಟದಲ್ಲಿ. ಪ್ರೊಜೆಸ್ಟೊಜನ್ ಒಂದೇ ಅಥವಾ ಈಸ್ಟ್ರೊಜನ್ ಜೊತೆಗೂಡಿ ಅಂಡದ ಬಿಡುಗಡೆಯನ್ನು ತಡೆಯುತ್ತದೆ, ನಾಟಿಯನ್ನೂ ತಡೆಯುತ್ತದೆ, ಕಂಠದ ಲೋಳೆಯನ್ನು ಗಟ್ಟಿಯಾಗಿಸುತ್ತದೆ. ಮುಟ್ಟಿನ ಮೊದಲ ಐದು ದಿನಗಳೊಳಗೆ ಆರಂಭಿಸಿ 21 ದಿನ, ಬಳಿಕ ಏಳು ದಿನ ಬಿಡುವು ಎಂಬುದು ಪುಸ್ತಕದ ನಿಯಮ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಮಾಲಾ-ಎನ್ ಪೊಟ್ಟಣವನ್ನು ಬಿಡಿಸಿ ನೋಡಿದರೆ 28 ಮಾತ್ರೆಗಳು ಕಾಣುತ್ತವೆ. ಪುಸ್ತಕಕ್ಕೂ ಪೊಟ್ಟಣಕ್ಕೂ ಜಗಳವಿಲ್ಲ: ಕೊನೆಯ ಏಳು ಕಬ್ಬಿಣಾಂಶದ ಮಾತ್ರೆಗಳು, ಎಣಿಕೆ ತಪ್ಪದಿರಲೆಂದು ಇಟ್ಟವು.

‘ಸಹೇಲಿ’ಯ ಕಥೆಯೇ ಬೇರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸೆಂಟ್‌ಕ್ರೋಮನ್ ಎಂಬ ವಸ್ತು ಇದರೊಳಗಿನದು. ಇದು ಸ್ಟೆರಾಯ್ಡ್ ಅಲ್ಲ. ಅಂಡದ ಬಿಡುಗಡೆಯನ್ನು ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ನಾಟಿಗೆ ಅಡ್ಡಿ ಮಾಡುತ್ತದೆ. ಇಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ‘ಛಾಯಾ’ ಎಂಬ ಹೆಸರಿನಿಂದ ದೊರೆಯುತ್ತದೆ. ವಾರಕ್ಕೊಂದು ಎಂಬುದು ಪುಸ್ತಕದ ಉತ್ತರ. ಆಚರಣೆಯಲ್ಲಿ ಮೊದಲ ಮೂರು ತಿಂಗಳು ವಾರಕ್ಕೆರಡು, ಅನಂತರ ವಾರಕ್ಕೊಂದು. ಪರೀಕ್ಷೆಯಲ್ಲಿ ಮೊದಲನೆಯದನ್ನು ಬರೆಯಿರಿ; ಮುಂದೆ ರೋಗಿಯೆದುರು ಕುಳಿತಾಗ ಎರಡನೆಯದನ್ನು ಮರೆಯದಿರಿ. ತುರ್ತು ಸಂದರ್ಭದಲ್ಲಿ 72 ಗಂಟೆಗಳೊಳಗೆ ಪ್ರೊಜೆಸ್ಟೊಜನ್ ಮಾತ್ರೆ ಅಥವಾ ವಂಕಿ ಎಂಬುದೂ ಈ ಭಾಗಕ್ಕೇ ಸೇರಿದ್ದು.

ನೈಸರ್ಗಿಕ ವಿಧಾನಗಳನ್ನು ವಿದ್ಯಾರ್ಥಿಗಳು ಓದದೆಯೇ ದಾಟುತ್ತಾರೆ. ಅಲ್ಲಿ ನಮ್ಮ ಸೀಮೆಯ ಸ್ವಾರಸ್ಯವಾದ ಚರಿತ್ರೆಯೊಂದು ಅಡಗಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೇಂದ್ರದ ಆರೋಗ್ಯ ಸಚಿವೆಯಾಗಿದ್ದ ರಾಜಕುಮಾರಿ ಅಮೃತ ಕೌರ್ ಅವರು ಗಾಂಧೀಮಾರ್ಗದವರು. ಕೃತಕ ಸಾಧನಗಳು ಅವರಿಗೆ ಒಪ್ಪಿಗೆಯಿರಲಿಲ್ಲ. ಆದಕಾರಣ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಡಾಕ್ಟರ್ ಅಬ್ರಹಾಂ ಸ್ಟೋನ್ ಅವರ ಮಾರ್ಗದರ್ಶನದಲ್ಲಿ, ‘ಸುರಕ್ಷಿತ ದಿನಗಳ’ ವಿಧಾನವನ್ನು ಪರೀಕ್ಷಿಸಲು 1950ರ ದಶಕದ ಆರಂಭದಲ್ಲಿ ಎರಡು ಸ್ಥಳಗಳನ್ನು ಆರಿಸಲಾಯಿತು. ಒಂದು ದೆಹಲಿಯ ಲೋಧಿ ಕಾಲೊನಿ. ಇನ್ನೊಂದು ಮೈಸೂರು ರಾಜ್ಯದ ರಾಮನಗರ. ದಿನಗಳ ಲೆಕ್ಕವಿಡಲು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರಗಳನ್ನು ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು, ಮಣಿಯ ಬಣ್ಣ ನೋಡಿ ದಿನದ ಗುಣ ತಿಳಿಯಬೇಕು. ಯೋಜನೆ ನೋಡಲು ಅಂದವಾಗಿತ್ತು, ಫಲ ದೊರೆಯಲಿಲ್ಲ. ನಿಯಮ ತಪ್ಪದೆ ನಡೆಸಿಕೊಂಡು ಹೋದವರ ಸಂಖ್ಯೆ ಬಹಳ ಕಡಿಮೆಯಾಯಿತು.

ಫಲ ದೊರೆಯದಿದ್ದುದಕ್ಕೆ ಹಳ್ಳಿಯ ಹೆಂಗಸರ ‘ಅಜ್ಞಾನ’ವೇ ಕಾರಣವೆಂದು ಬರೆದವರಿದ್ದಾರೆ. ಋತುಚಕ್ರವನ್ನು ಅರಿತವರು ಹಾಗೆ ಹೇಳಲಾರರು. 28 ದಿನಗಳ ಚಕ್ರದಲ್ಲಿ 14ನೆಯ ದಿನದ ಹೊತ್ತಿಗೆ ಅಂಡ ಬಿಡುಗಡೆಯಾಗುವುದು. ಅಂಡದ ಆಯುಸ್ಸು ಒಂದು ದಿನದಷ್ಟು, ವೀರ್ಯಾಣುವಿನದು ಕೆಲವು ದಿನಗಳಷ್ಟು. ಹಿಂದೆಯೂ ಮುಂದೆಯೂ ಎಚ್ಚರಿಕೆಗಾಗಿ ಕೆಲವು ದಿನಗಳನ್ನು ಸೇರಿಸಿ, 10ರಿಂದ 17ನೆಯ ದಿನದವರೆಗೆ ವರ್ಜ್ಯವೆಂದು ಪುಸ್ತಕ ಹೇಳುತ್ತದೆ. ಆದರೆ ಎಲ್ಲ ಹೆಂಗಸರ ಚಕ್ರವೂ 28 ದಿನದ್ದಲ್ಲ; ಒಬ್ಬಳದೇ ಚಕ್ರ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ; ಕಾಯಿಲೆ, ಅರೆಹೊಟ್ಟೆ, ಚಿಂತೆ ಎಲ್ಲವೂ ಅದನ್ನು ಕದಲಿಸುತ್ತವೆ. ಮೇಲಾಗಿ ಇಬ್ಬರು ನಡೆಸಬೇಕಾದ ನಿಯಮದ ಸರವನ್ನು ಒಬ್ಬಳ ಕೊರಳಿಗೆ ಮಾತ್ರ ಹಾಕಲಾಗಿತ್ತು. ಈ ವಿಧಾನದಲ್ಲಿ ಸೋಲಿನ ಪ್ರಮಾಣ ಹೆಚ್ಚು ಎಂಬ ಪುಸ್ತಕದ ಒಂದು ವಾಕ್ಯದ ಹಿಂದೆ ರಾಮನಗರದ ಆ ಮಣಿಸರಗಳಿವೆ ಎಂದು ತಿಳಿದರೆ ವಾಕ್ಯ ಮರೆಯುವುದಿಲ್ಲ. ಅದೇ ಕಾಲದಲ್ಲಿ, 1951-52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ರಾಜ್ಯದಲ್ಲಿ ಮನೆಮನೆಗೆ ಹೋಗಿ ಒಂದು ಜನಸಂಖ್ಯಾ ಅಧ್ಯಯನ ನಡೆಸಿದವು. ಅದರ ವರದಿ 1961ರಲ್ಲಿ ಪ್ರಕಟವಾಯಿತು. ಹಳ್ಳಿಗಳ ದಂಪತಿಗಳೂ ಇಂಥ ವಿಧಾನಗಳನ್ನು ಕಲಿಯಲು ಆಸಕ್ತಿ ತೋರಿದರೆಂಬುದು ಅದರಲ್ಲಿ ಕಂಡುಬಂದ ಮುಖ್ಯ ಸಂಗತಿ. ಕೇಳುವವರಿದ್ದರು, ಸರಿಯಾಗಿ ಹೇಳುವವರು ಬೇಕಾಗಿತ್ತು.

ಹಾಲೂಡಿಸುವ ಕಾಲದ ಅನಾರ್ತವವೂ ಹೀಗೆಯೇ. ಮೊಲೆಹಾಲು ಕುಡಿಸುವಷ್ಟು ದಿನ ಮತ್ತೆ ಬಸಿರು ನಿಲ್ಲದೆಂದು ಅಜ್ಜಿಯರು ಹೇಳುತ್ತಿದ್ದರು. ಮಾತು ಅರ್ಧ ನಿಜ. ಶಿಶು ಮೇಲಿಂದ ಮೇಲೆ ಚೀಪುವುದರಿಂದ ಪ್ರೊಲ್ಯಾಕ್ಟಿನ್ ಏರಿ, ಹೈಪೊಥಲಾಮಸ್‌ನ ಸಂದೇಶ ಕುಗ್ಗಿ, ಅಂಡದ ಬಿಡುಗಡೆ ನಿಲ್ಲುತ್ತದೆ. ಆದರೆ ಹೆರಿಗೆಯಾದ ಗರಿಷ್ಠ ಆರು ತಿಂಗಳವರೆಗೆ ಮಾತ್ರ, ಅದೂ ಪೂರ್ಣವಾಗಿ ಹಾಲೂಡಿಸುತ್ತಿದ್ದರೆ, ಮುಟ್ಟು ಮರಳದಿದ್ದರೆ. ಅಜ್ಜಿಯ ಮಾತಿನ ಉಳಿದರ್ಧವನ್ನು ನಂಬಿ ಕೈಕೂಸಿನ ಮೇಲೆ ಮತ್ತೊಂದು ಬಸಿರಾದ ಮನೆಗಳು ಎಷ್ಟೋ.

ಅಜ್ಜಿಯ ಪ್ರಸ್ತಾಪ ಬಂದಿತಾಗಿ ಭಾಷೆಯ ಬಗ್ಗೆ ಒಂದು ಮಾತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಗಳು ಇಲ್ಲಿ ಅಂಜಬೇಕಾಗಿಲ್ಲ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ದೊರೆಯುತ್ತಿದೆ. ಪ್ಲಾಸೆಂಟಾ ಎಂದಾಗ ಗಾಬರಿಯಾಗುವ ಹುಡುಗಿಗೆ ‘ಮಾಸು’ ಗೊತ್ತಿರುತ್ತದೆ. ಮನೆಯ ಹಸು ಕರು ಹಾಕಿದಾಗ ಅವಳು ಅದನ್ನು ಕಂಡವಳೇ. ಮುಟ್ಟು, ಬಸಿರು, ಹೆರಿಗೆ, ವಂಕಿ ಇವು ಕೀಳು ಮಾತುಗಳಲ್ಲ, ಶಾಸ್ತ್ರದ ಹೊಸ್ತಿಲು. ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ಜನನವೂ ಇತ್ತು, ರಜಸ್ಸೂ ಇತ್ತು. ಮುಟ್ಟಾದವಳು ಮೈಲಿಗೆಯಲ್ಲವೆಂದು ಹನ್ನೆರಡನೆಯ ಶತಮಾನದಲ್ಲೇ ತಿಳಿದ ನಾಡಿನಲ್ಲಿ ಋತುಚಕ್ರದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯಲು ಸೀಮೆಸುಣ್ಣ ಹಿಡಿದ ಕೈ ಏಕೆ ತಡೆಯಬೇಕು?

ಶಸ್ತ್ರಚಿಕಿತ್ಸೆಗೆ ಬರೋಣ. ಪುರುಷರಲ್ಲಿ ವೃಷಣಚೀಲದ ಮೇಲೆ ಸಣ್ಣ ಗಾಯ ಮಾಡಿ ವೀರ್ಯನಾಳವನ್ನು ಕತ್ತರಿಸಿ ಕಟ್ಟುವುದು. ಸ್ತ್ರೀಯರಲ್ಲಿ ಹೊಟ್ಟೆಯ ಮೂಲಕ ಅಥವಾ ಯೋನಿಯ ಮೂಲಕ ಅಂಡನಾಳವನ್ನು ಕತ್ತರಿಸಿ ಕಟ್ಟುವುದು. ಎರಡರಲ್ಲೂ ಸಾಗಣೆಗೆ ತಡೆ. ಲಿಂಗಕೋಶಗಳ ಉತ್ಪಾದನೆಗಾಗಲಿ ಹಾರ್ಮೋನಿಗಾಗಲಿ ತಡೆಯಿಲ್ಲ. ಪರೀಕ್ಷೆಯ ಬಲೆ ಇರುವುದು ಇಲ್ಲಿಯೇ. ಸಮಾಜದ ಬಲೆಯೂ ಇಲ್ಲಿಯೇ ಇದೆ. ಪುರುಷನ ಶಸ್ತ್ರಚಿಕಿತ್ಸೆ ಹೊಟ್ಟೆ ತೆರೆಯದೆ ಕೆಲವೇ ನಿಮಿಷಗಳಲ್ಲಿ ಮುಗಿಯುವಂಥದು. ಅದರಿಂದ ಪುರುಷತ್ವವಾಗಲಿ ದುಡಿಯುವ ಶಕ್ತಿಯಾಗಲಿ ಕುಂದುವುದಿಲ್ಲ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಗಂಡಸರ ಪಾಲು ಶೇಕಡ ಒಂದನ್ನೂ ಮುಟ್ಟಿರಲಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಮೀರಿ ಇಂಥ ಶಸ್ತ್ರಚಿಕಿತ್ಸೆಗಳು ನಡೆದವು. ಬಹುಪಾಲು ಪುರುಷರದು, ಎಷ್ಟೋ ಕಡೆ ಬಲಾತ್ಕಾರದ್ದು. ಆ ಬಲಾತ್ಕಾರದ ಕಹಿ ಗಂಡಸರನ್ನು ದೂರ ಮಾಡಿತು. ಭಾರವೆಲ್ಲ ಹೆಂಗಸರ ಮೇಲೆ ಬಿದ್ದು ಅಲ್ಲಿಯೇ ಉಳಿದಿದೆ. ‘ಆಪರೇಷನ್’ ಎಂಬ ಒಂದು ಮಾತು ನಮ್ಮ ಹಳ್ಳಿಗಳಲ್ಲಿ ಹೆಂಗಸಿನ ಆಪರೇಷನ್ ಎಂದೇ ಅರ್ಥ ಕೊಡುವುದು ಇದರಿಂದ.

ಗರ್ಭಪಾತದ ಕಾನೂನನ್ನು ಓದುವಾಗ ವರ್ಷಗಳ ಬಗ್ಗೆ ಎಚ್ಚರ ಬೇಕು. ಭಾರತದಲ್ಲಿ ವೈದ್ಯಕೀಯ ಗರ್ಭಪಾತ ಕಾನೂನುಬದ್ಧವಾದದ್ದು 1971ರಲ್ಲಿ. ಪಠ್ಯಪುಸ್ತಕದ ಕೆಲವು ಮುದ್ರಣಗಳಲ್ಲಿ 2017ರ ತಿದ್ದುಪಡಿ ಎಂದೂ, 12 ವಾರಗಳವರೆಗೆ ಒಬ್ಬ ವೈದ್ಯರ, 24ರವರೆಗೆ ಇಬ್ಬರ ಅಭಿಪ್ರಾಯ ಬೇಕೆಂದೂ ಇದೆ. ಸಂಸತ್ತಿನ ಒಪ್ಪಿಗೆ ಪಡೆದು ಜಾರಿಗೆ ಬಂದಿರುವ ತಿದ್ದುಪಡಿ 2021ರದು. ಅದರಂತೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರು. 20ರಿಂದ 24ರವರೆಗೆ, ನಿಯಮಗಳಲ್ಲಿ ಹೇಳಿದ ವರ್ಗದ ಸ್ತ್ರೀಯರಿಗೆ, ಇಬ್ಬರು. ಆಮೇಲೆ ಭ್ರೂಣದಲ್ಲಿ ಗಂಭೀರ ನ್ಯೂನತೆಯಿದ್ದರೆ ವೈದ್ಯಕೀಯ ಮಂಡಳಿ. ನಿಮ್ಮ ಕೈಯಲ್ಲಿರುವ ಮುದ್ರಣದ ವಾಕ್ಯವನ್ನೂ ಈ ಕಾನೂನನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಮೊದಲ 12 ವಾರಗಳಲ್ಲಿ ಗರ್ಭಪಾತ ಹೆಚ್ಚು ಸುರಕ್ಷಿತ ಎಂಬ ಜೀವಶಾಸ್ತ್ರದ ಮಾತು ಎರಡರಲ್ಲೂ ಬದಲಾಗುವುದಿಲ್ಲ.

ಆಮ್ನಿಯೊಸೆಂಟೆಸಿಸ್ ಎಂಬುದು ಭ್ರೂಣದ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದು, ಅದರಲ್ಲಿರುವ ಭ್ರೂಣಕೋಶಗಳ ವರ್ಣತಂತುಗಳನ್ನು ನೋಡುವ ಪರೀಕ್ಷೆ. ಡೌನ್ ಸಿಂಡ್ರೋಮ್, ಹೀಮೊಫಿಲಿಯಾ, ಕುಡಗೋಲು ಕಣದ ರಕ್ತಹೀನತೆ ಮುಂತಾದುವನ್ನು ಅರಿಯಲು ಇದು ಬಳಕೆಯಲ್ಲಿದೆ. ನಿಷೇಧವಿರುವುದು ಇದರಿಂದ ಲಿಂಗ ಪತ್ತೆ ಮಾಡುವುದಕ್ಕೆ, ಪರೀಕ್ಷೆಗೇ ಅಲ್ಲ. ಈ ಕೂದಲೆಳೆಯ ಅಂತರದ ಮೇಲೆ ಪ್ರಶ್ನೆಗಳು ಬರುತ್ತವೆ. ಕಾನೂನು 1994ರದು, 2003ರಲ್ಲಿ ಬಿಗಿಯಾಗಿ ಸ್ಕ್ಯಾನಿಂಗ್ ಯಂತ್ರಗಳೂ ಅದರ ಹಿಡಿತಕ್ಕೆ ಸ್ಪಷ್ಟವಾಗಿ ಬಂದವು.

ಇದು ಎಲ್ಲೋ ದೂರದ ರಾಜ್ಯಗಳ ವಿಷಯವೆಂದು ನಾವು ಬಹುಕಾಲ ಭಾವಿಸಿದ್ದೆವು. 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಒಂದು ಜಾಲವನ್ನು ಭೇದಿಸಿದಾಗ ಹೊರಬಂದ ಸಂಗತಿ ಆ ಭಾವನೆಯನ್ನು ಕಿತ್ತೊಗೆಯಿತು. ಮಂಡ್ಯದ ಬಳಿಯ ಒಂದು ಆಲೆಮನೆಯಲ್ಲಿ, ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರವಿಟ್ಟು ಬಸುರಿಯರಿಗೆ ಲಿಂಗ ಪತ್ತೆ ಮಾಡುತ್ತಿದ್ದರೆಂಬುದೂ, ಹೆಣ್ಣೆಂದು ತಿಳಿದವರನ್ನು ಗರ್ಭಪಾತಕ್ಕಾಗಿ ಮೈಸೂರಿಗೆ ಕರೆತರುತ್ತಿದ್ದರೆಂಬುದೂ ಆರೋಪ. ಬಂಧಿತರಲ್ಲಿ ವೈದ್ಯರೂ ಇದ್ದರು. ವೈದ್ಯಪದವಿಗೆ ಹೋಗುವವರೆಲ್ಲ ಈ ಅಧ್ಯಾಯವನ್ನು ಓದಿಯೇ ಹೋಗುತ್ತಾರೆ. ‘ಲಿಂಗ ಪತ್ತೆಗಾಗಿ ಬಳಸುವುದು ನಿಷಿದ್ಧ’ ಎಂಬ ಆಯ್ಕೆಯ ಎದುರಿನ ವೃತ್ತವನ್ನು ತುಂಬುವಾಗ ಆ ಆಲೆಮನೆ ಒಂದು ಕ್ಷಣ ನಿಮ್ಮ ಕಣ್ಣ ಮುಂದೆ ಬರಲಿ.

ಬಂಜೆತನದ ಭಾಗವನ್ನು ಬೇಗನೆ ಮುಗಿಸಬಹುದು. ಅದು ಹೆಚ್ಚಾಗಿ ಹೆಸರುಗಳ ಕಟ್ಟು. ನಿಷೇಚನ ಎಲ್ಲಿ ಆಯಿತು, ಯಾವುದನ್ನು ಎಲ್ಲಿಗೆ ಸೇರಿಸಿದರು ಎಂಬೆರಡೇ ಪ್ರಶ್ನೆ ಸಾಕು. ಪ್ರಯೋಗಶಾಲೆಯಲ್ಲಿ ನಿಷೇಚನವಾಗಿ, ಎಂಟು ಕೋಶಗಳವರೆಗಿನ ಭ್ರೂಣವನ್ನು ಅಂಡನಾಳಕ್ಕೆ ಸೇರಿಸಿದರೆ ಝಿಫ್ಟ್. ಎಂಟಕ್ಕೂ ಹೆಚ್ಚು ಕೋಶಗಳಾದ ಮೇಲೆ ಗರ್ಭಾಶಯಕ್ಕೆ ಸೇರಿಸಿದರೆ ಐ.ಯು.ಟಿ. ಅಂಡ ಉತ್ಪಾದನೆಯಿಲ್ಲದ ಸ್ತ್ರೀಯ ಅಂಡನಾಳಕ್ಕೆ ದಾನಿಯ ಅಂಡವನ್ನು ಸೇರಿಸಿದರೆ ಗಿಫ್ಟ್. ಇಲ್ಲಿ ನಿಷೇಚನ ಶರೀರದೊಳಗೇ. ಒಂದು ವೀರ್ಯಾಣುವನ್ನು ನೇರವಾಗಿ ಅಂಡದೊಳಗೆ ಚುಚ್ಚಿದರೆ ಐ.ಸಿ.ಎಸ್.ಐ. ವೀರ್ಯವನ್ನು ಗರ್ಭಾಶಯಕ್ಕೆ ಕೃತಕವಾಗಿ ಸೇರಿಸುವುದು ಐ.ಯು.ಐ. ಜಗತ್ತಿನ ಮೊದಲ ಪ್ರನಾಳ ಶಿಶು 1978ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಅದೇ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು. ಅವರ ಸಾಧನೆಯನ್ನು ಅಂದು ಅಧಿಕಾರಿಗಳು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಮಕ್ಕಳಾಗದಿದ್ದರೆ ಹೆಣ್ಣನ್ನೇ ದೂರುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ದೋಷ ಎಷ್ಟೋ ಸಲ ಗಂಡಸಿನಲ್ಲಿರುತ್ತದೆಂದು ಪುಸ್ತಕ ಒಂದು ವಾಕ್ಯದಲ್ಲಿ ಹೇಳಿದೆ. ಅದು ಪರೀಕ್ಷೆಗೆ ಬಾರದಿದ್ದರೂ ಅಡಿಗೆರೆ ಎಳೆದು ಓದತಕ್ಕ ವಾಕ್ಯ.

ಲೈಂಗಿಕ ರೋಗಗಳ ಪಟ್ಟಿಯಲ್ಲಿ ಗೊನೊರಿಯಾ, ಸಿಫಿಲಿಸ್, ಕ್ಲಮೈಡಿಯಾ ಬ್ಯಾಕ್ಟೀರಿಯಾದವು, ಟ್ರೈಕೊಮೊನಿಯಾಸಿಸ್ ಪ್ರೊಟೊಜೋವಾದ್ದು, ಜನನಾಂಗದ ಹರ್ಪಿಸ್, ಜನನಾಂಗದ ನರೂಲಿ, ಹೆಪಟೈಟಿಸ್-ಬಿ, ಎಚ್.ಐ.ವಿ. ವೈರಸ್ಸಿನವು. ಹೆಪಟೈಟಿಸ್-ಬಿ, ಹರ್ಪಿಸ್, ಎಚ್.ಐ.ವಿ. ಮೂರನ್ನು ಬಿಟ್ಟು ಉಳಿದವು ಬೇಗನೆ ಪತ್ತೆಯಾದರೆ ಪೂರ್ಣ ಗುಣವಾಗುತ್ತವೆ ಎಂಬುದು ಪುಸ್ತಕದ ವಾಕ್ಯ. ಆ ಮೂರರಲ್ಲಿ ಹೆಪಟೈಟಿಸ್-ಬಿಗೆ ಲಸಿಕೆಯುಂಟು. ‘ಬೇಗನೆ ಪತ್ತೆಯಾದರೆ’ ಎಂಬ ಎರಡು ಪದಗಳ ಮೇಲೆ ಬೆರಳಿಟ್ಟು ನೋಡಿ. ಆರಂಭದಲ್ಲಿ ತುರಿಕೆ, ಸ್ವಲ್ಪ ನೋವು, ಸ್ರಾವ. ಸ್ತ್ರೀಯರಲ್ಲಿ ಎಷ್ಟೋ ಸಲ ಏನೂ ತೋರುವುದೇ ಇಲ್ಲ. ನಾಚಿಕೆಯಿಂದ ಯಾರಿಗೂ ಹೇಳದೆ ತಿಂಗಳುಗಟ್ಟಲೆ ಕಳೆದರೆ ಕಿಬ್ಬೊಟ್ಟೆಯ ಉರಿಯೂತ, ಅಂಡನಾಳದ ಮುಚ್ಚುವಿಕೆ, ಗರ್ಭಾಶಯದ ಹೊರಗಿನ ಬಸಿರು, ಬಂಜೆತನದವರೆಗೂ ಹೋಗುತ್ತದೆ. ಹೆಚ್ಚು ಅಪಾಯಕ್ಕೊಳಗಾಗುವವರು 15ರಿಂದ 24 ವರ್ಷದವರು ಎಂದೂ ಪುಸ್ತಕ ಹೇಳುತ್ತದೆ. ಎಂದರೆ ಈ ಲೇಖನವನ್ನು ಓದುತ್ತಿರುವ ನೀವೇ.

ಮೈಸೂರಿನ ವಿದ್ಯಾರ್ಥಿಗಳಿಗೆ ಇರ್ವಿನ್ ರಸ್ತೆಯ ಚೆಲುವಾಂಬ ಆಸ್ಪತ್ರೆ, ಪಕ್ಕದ ಕೃಷ್ಣರಾಜೇಂದ್ರ ಆಸ್ಪತ್ರೆ ಹತ್ತಿರದಲ್ಲೇ ಇವೆ. ಹದಿಹರೆಯದವರ ಸಂಶಯಗಳಿಗೆಂದೇ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ಹೆಸರಿನ ಸಲಹಾ ಕೇಂದ್ರಗಳನ್ನು ಏರ್ಪಡಿಸಲಾಗಿದೆ, ಎಚ್.ಐ.ವಿ. ಕುರಿತ ಪ್ರಶ್ನೆಗಳಿಗೆ 1097 ಎಂಬ ದೂರವಾಣಿ ಸಂಖ್ಯೆಯಿದೆ, ಕರೆಗೆ ಹಣವಿಲ್ಲ. ಪಾಠದಲ್ಲಿ ಅರ್ಥವಾಗದ್ದನ್ನು ತರಗತಿಯಲ್ಲೇ ಎದ್ದು ಕೇಳಿ. ತರಗತಿಯಲ್ಲಿ ಕೇಳಲಾರದ್ದಿದ್ದರೆ ಚೀಟಿಯಲ್ಲಿ ಬರೆದು ಅಧ್ಯಾಪಕರ ಮೇಜಿನ ಮೇಲಿಡಿ, ಹೆಸರು ಬರೆಯಬೇಕಾಗಿಲ್ಲ.